ತಜ್ಞ ವೈದ್ಯರ ಬರ್ನ್‌ಔಟ್: ಡ್ಯೂಟಿ ಪಟ್ಟಿಯ ಲೆಕ್ಕ ತಪ್ಪುವುದು ಎಲ್ಲಿ?

2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತಿದ್ದಂತೆ ಮೈಸೂರಿನ ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದರು. ಎದೆನೋವು ಇದ್ದವರು ಬಂದರು, ಏನೂ ಇಲ್ಲದಿದ್ದರೂ ‘ಒಂದು ಇಸಿಜಿ ತೆಗೆಸಿಬಿಡೋಣ’ ಎಂದವರೂ ಬಂದರು. ಭಯಪಟ್ಟವರನ್ನು ದೂರುವಂತಿಲ್ಲ. ಆದರೆ ಹೊರಗಿನ ಸಾಲು ರಾತ್ರೋರಾತ್ರಿ ಬೆಳೆಯಬಲ್ಲದು, ಒಳಗೆ ಕೂತ ಹೃದ್ರೋಗ ತಜ್ಞರ ಸಂಖ್ಯೆ ಹಾಗೆ ಬೆಳೆಯುವುದಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2024ರ ಆಗಸ್ಟ್‌ನಲ್ಲಿ, ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಸ್ನಾತಕೋತ್ತರ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ಸುಪ್ರೀಂ ಕೋರ್ಟ್ ವೈದ್ಯರ ದುಡಿಮೆಯ ಗಂಟೆಗಳ ವಿಷಯವನ್ನೂ ಎತ್ತಿತು. 36 ಗಂಟೆ, 48 ಗಂಟೆ ಒಂದೇ ಸಮನೆ ದುಡಿಸುವುದು ಸರಿಯಲ್ಲ ಎಂದಿತು.

ಅಂದಿನಿಂದ ‘ಬರ್ನ್‌ಔಟ್’ ಎಂಬ ಮಾತು ವೈದ್ಯರ ಕೊಠಡಿ ದಾಟಿ ಪತ್ರಿಕೆಗಳಿಗೂ ಮನೆಗಳಿಗೂ ಬಂದಿದೆ. ಬಹಳ ಜನ ಅದನ್ನು ‘ಕೆಲಸ ಜಾಸ್ತಿಯಾಗಿ ಬೇಜಾರಾಗಿದೆ’ ಎಂದಷ್ಟೇ ತಿಳಿದಿದ್ದಾರೆ. ಅದು ಅಷ್ಟೇ ಆಗಿದ್ದರೆ ನಾಲ್ಕು ದಿನ ರಜೆ ಹಾಕಿದರೆ ಮುಗಿಯುತ್ತಿತ್ತು.

ಬರ್ನ್‌ಔಟ್ ಎಂದರೆ ಯಾವುದು, ಯಾವುದಲ್ಲ

1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದ ಸಿಬ್ಬಂದಿಯಲ್ಲಿ ಕಂಡ ಸ್ಥಿತಿಯೊಂದಕ್ಕೆ ಈ ಹೆಸರು ಕೊಟ್ಟರು. ಮೈಮರೆತು ದುಡಿಯುತ್ತಿದ್ದವರೇ ಮೊದಲು ಸೋತು ಹೋಗುತ್ತಿದ್ದರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಜಾಗವಿದೆ. ಈ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅಲ್ಲಿ ಅದನ್ನು ಕಾಯಿಲೆ ಎಂದಿಲ್ಲ. ಕೆಲಸದ ಜಾಗದಲ್ಲಿನ ಒತ್ತಡ ಬಹುಕಾಲ ಹತೋಟಿಗೆ ಬಾರದೆ ಉಳಿದಾಗ ಹುಟ್ಟುವ ಸ್ಥಿತಿ ಎಂದಿದೆ. ಈ ವ್ಯತ್ಯಾಸ ಮುಖ್ಯ. ಕಾಯಿಲೆ ಎಂದರೆ ಮದ್ದು ವ್ಯಕ್ತಿಗೆ. ಕೆಲಸದಿಂದ ಹುಟ್ಟಿದ ಸ್ಥಿತಿ ಎಂದರೆ ಮದ್ದಿನ ಬಹುಪಾಲು ಕೆಲಸಕ್ಕೇ ಬೇಕು.

ಇದಕ್ಕೆ ಮೂರು ಮುಖಗಳಿವೆ. ಮೊದಲನೆಯದು ಬಳಲಿಕೆ: ನಿದ್ದೆ ಮಾಡಿ ಎದ್ದರೂ ಮೈಮನಸ್ಸು ಎರಡೂ ಏಳುವುದಿಲ್ಲ. ಎರಡನೆಯದು ಕೆಲಸದಿಂದ ದೂರ ಸರಿಯುವುದು. ರೋಗಿಗೆ ಹೆಸರು ಹೋಗಿ ‘ಹನ್ನೆರಡನೇ ಬೆಡ್’, ‘ಆ ಲಿವರ್ ಕೇಸ್’ ಎಂದಾಗುತ್ತದೆ; ಸಂಬಂಧಿಕರು ಪ್ರಶ್ನೆ ಕೇಳಿದರೆ ರೇಗುತ್ತದೆ; ಯಾರ ನೋವೂ ಒಳಗೆ ತಟ್ಟುವುದಿಲ್ಲ. ಮೂರನೆಯದು ‘ನಾನು ಏನು ಮಾಡಿದರೂ ಅಷ್ಟೇ’ ಎನ್ನುವ ಭಾವ. ಇಪ್ಪತ್ತು ವರ್ಷ ಅನುಭವವಿರುವ ಶಸ್ತ್ರಚಿಕಿತ್ಸಕರಿಗೂ ತಮ್ಮ ಕೈಯ ಮೇಲೆ ನಂಬಿಕೆ ಹೋಗುತ್ತದೆ. ಇದನ್ನು ಅಳೆಯಲು ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸಂಗಡಿಗರು 1981ರಲ್ಲಿ ಸಿದ್ಧಪಡಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 22 ಹೇಳಿಕೆಗಳಿವೆ. ಪ್ರತಿಯೊಂದೂ ಎಷ್ಟು ಸಲ ಅನ್ನಿಸುತ್ತದೆ ಎಂಬುದಕ್ಕೆ 0ಯಿಂದ 6ರವರೆಗೆ ಅಂಕ. ಒಂಬತ್ತು ಹೇಳಿಕೆ ಬಳಲಿಕೆಗೆ, ಐದು ದೂರ ಸರಿಯುವುದಕ್ಕೆ, ಎಂಟು ತನ್ನ ಕೆಲಸದ ಬಗ್ಗೆ ತನಗಿರುವ ತೃಪ್ತಿಗೆ.

ಬರೀ ದಣಿವಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಮಂಡ್ಯದವರಿಗೆ ಹೇಳುವುದು ಸುಲಭ. ಕನ್ನಂಬಾಡಿ ಕಟ್ಟೆಯ ಒಳಹರಿವು, ಹೊರಹರಿವು ಎಷ್ಟು ಎಂದು ಇಲ್ಲಿನ ರೈತರು ದಿನಾ ಪತ್ರಿಕೆಯಲ್ಲಿ ನೋಡುತ್ತಾರೆ. ಒಂದು ದಿನ ನಾಲೆಗೆ ಹೆಚ್ಚು ನೀರು ಬಿಟ್ಟರೆ ಮಟ್ಟ ಒಂದಿಷ್ಟು ಇಳಿದು ಮತ್ತೆ ಏರುತ್ತದೆ. ದಣಿವು ಅಂಥದ್ದು. ಒಳಹರಿವಿಗಿಂತ ಹೊರಹರಿವು ತಿಂಗಳುಗಟ್ಟಲೆ ಹೆಚ್ಚಿದ್ದರೆ ಒಂದು ರಾತ್ರಿಯ ಮಳೆಗೆ ಕಟ್ಟೆ ತನ್ನ ಪೂರ್ಣ ಮಟ್ಟವಾದ 124.80 ಅಡಿ ತುಂಬುವುದಿಲ್ಲ. ಮೂರು ದಿನ ಊಟಿಗೆ ಹೋಗಿ ಬಂದ ವೈದ್ಯರು ನಾಲ್ಕನೇ ದಿನವೇ ಮೊದಲಿನಂತಾಗುವುದು ಇದೇ ಕಾರಣಕ್ಕೆ.

ಖಿನ್ನತೆ ಬೇರೆ. ಬರ್ನ್‌ಔಟ್ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ರಜೆಯಲ್ಲಿ, ಮಕ್ಕಳ ಜೊತೆಯಲ್ಲಿ ಸ್ವಲ್ಪವಾದರೂ ಹಗುರಾಗುತ್ತದೆ. ಖಿನ್ನತೆಯಲ್ಲಿ ಊಟ, ನಿದ್ದೆ, ಮನೆ, ಹಬ್ಬ ಎಲ್ಲವೂ ಸಪ್ಪೆಯಾಗುತ್ತವೆ, ತಪ್ಪಿತಸ್ಥ ಭಾವ ಕಾಡುತ್ತದೆ, ಸಾವಿನ ಯೋಚನೆ ಬರಬಹುದು. ಎರಡೂ ಒಟ್ಟಿಗೆ ಇರುವುದುಂಟು. ವೈದ್ಯರು ಇದನ್ನು ತಾವೇ ತೀರ್ಮಾನಿಸಿ ತಾವೇ ಮಾತ್ರೆ ಬರೆದುಕೊಳ್ಳುವುದು ಅಪಾಯ.

ಮೊದಲು ಗಂಟೆಗಳ ಲೆಕ್ಕ

ಎಂಬಿಬಿಎಸ್ ಮತ್ತು ಹೌಸ್ ಸರ್ಜನ್ ವರ್ಷ ಸೇರಿ ಐದೂವರೆ ವರ್ಷ. ಎಂಡಿ ಅಥವಾ ಎಂಎಸ್ ಮೂರು ವರ್ಷ. ಹೃದಯ, ನರ, ಮೂತ್ರಪಿಂಡದಂಥ ವಿಭಾಗಕ್ಕೆ ಡಿಎಂ ಅಥವಾ ಎಂಸಿಎಚ್ ಇನ್ನೂ ಮೂರು. ಅಂದರೆ ಒಬ್ಬ ಹೃದ್ರೋಗ ತಜ್ಞರು ತಯಾರಾಗಲು ಪಿಯುಸಿ ನಂತರ ಕನಿಷ್ಠ ಹನ್ನೊಂದೂವರೆ ವರ್ಷ, ನಡುವೆ ಪ್ರವೇಶ ಪರೀಕ್ಷೆಗಳ ತಯಾರಿ ಬೇರೆ. ಹೀಗಾಗಿ ಬೇಡಿಕೆ ಏರಿದ ಕೂಡಲೇ ತಜ್ಞರ ಸಂಖ್ಯೆ ಏರುವುದಿಲ್ಲ. ಇರುವವರ ಮೇಲೇ ಹೊರೆ ಬೀಳುತ್ತದೆ.

ಆ ಹೊರೆ ಎಷ್ಟು ಎಂಬುದಕ್ಕೆ ದೊಡ್ಡ ಸಮೀಕ್ಷೆ ಬೇಡ, ಕೂಡಿ ಕಳೆಯುವುದು ಗೊತ್ತಿದ್ದರೆ ಸಾಕು. ಒಂದು ವಾರಕ್ಕೆ 168 ಗಂಟೆ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಇಬ್ಬರೇ ಅರಿವಳಿಕೆ ತಜ್ಞರಿದ್ದಾರೆ, ಹಗಲು ರಾತ್ರಿ ಒಬ್ಬರು ಸಿಗಲೇಬೇಕು ಎಂದುಕೊಳ್ಳಿ. ಸಮನಾಗಿ ಹಂಚಿದರೆ ತಲಾ 84 ಗಂಟೆ. ಮೂವರಿದ್ದರೆ 56. ನಾಲ್ವರಿದ್ದರೆ 42. ಇಬ್ಬರಲ್ಲಿ ಒಬ್ಬರು ಹೆರಿಗೆ ರಜೆಗೆ ಹೋದರೆ ಉಳಿದವರಿಗೆ 168, ಅಂದರೆ ಇಡೀ ವಾರ. ಆ ಗಂಟೆಗಳೆಲ್ಲ ಕೆಲಸದಲ್ಲೇ ಕಳೆಯುವುದಿಲ್ಲ ನಿಜ, ಮನೆಯಲ್ಲಿ ಫೋನ್ ಪಕ್ಕದಲ್ಲಿಟ್ಟುಕೊಂಡು ಕಳೆಯುವುದೂ ಸೇರಿದೆ. ಆದರೆ ಕರೆ ಬಂದರೆ ಹೊರಡಲೇಬೇಕಾದವರು ಊರು ಬಿಟ್ಟು ಹೋಗುವಂತಿಲ್ಲ. ನಿಶ್ಚಿಂತೆಯ ನಿದ್ದೆಯೂ ಅವರಿಗಿಲ್ಲ. ಫೋನ್ ಬಾರದ ಆನ್ ಕಾಲ್ ರಾತ್ರಿಯೂ ಪೂರ್ತಿ ವಿಶ್ರಾಂತಿಯ ರಾತ್ರಿಯಲ್ಲ.

ಈಗ ಇನ್ನೊಂದು ಲೆಕ್ಕ. ಒಂದು ಕುರ್ಚಿ ವರ್ಷವಿಡೀ ಹಗಲಿರುಳು ಖಾಲಿ ಬಿಡದೆ ತುಂಬಿರಲು ಎಷ್ಟು ಜನ ಬೇಕು? ವರ್ಷಕ್ಕೆ 8,760 ಗಂಟೆ. ವಾರಕ್ಕೆ 48 ಗಂಟೆಯಂತೆ ದುಡಿಯುವ ಒಬ್ಬರು, ಎಲ್ಲ ಬಗೆಯ ರಜೆ ಸೇರಿ 45 ದಿನ ತೆಗೆದುಕೊಳ್ಳುತ್ತಾರೆ ಎಂದುಕೊಂಡರೆ, ವಾರದ ಆರು ದಿನದ ಲೆಕ್ಕದಲ್ಲಿ ಏಳೂವರೆ ವಾರ ಹೋಗಿ ನಲವತ್ತನಾಲ್ಕೂವರೆ ವಾರ ಉಳಿಯುತ್ತದೆ. ಅಂದರೆ 2,136 ಗಂಟೆ. ಭಾಗಿಸಿದರೆ 4.1. ಜ್ವರ, ತರಬೇತಿ, ಕೋರ್ಟ್ ಸಾಕ್ಷಿ, ಹೆರಿಗೆ ರಜೆ ಸೇರಿಸಿ ಐದು ಜನ. ಆಸ್ಪತ್ರೆಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ: ‘ಹಗಲಿಗೊಬ್ಬರು, ರಾತ್ರಿಗೊಬ್ಬರು, ಇಬ್ಬರು ಸಾಕು’ ಎಂದು ಹುದ್ದೆ ಮಂಜೂರು ಮಾಡಲಾಗುತ್ತದೆ. ಆ ಇಬ್ಬರೂ ಎಂದೂ ರಜೆ ಹಾಕದ, ಎಂದೂ ಕಾಯಿಲೆ ಬೀಳದ ಮನುಷ್ಯರಾಗಿದ್ದರೂ ಲೆಕ್ಕ ಸರಿಹೋಗುವುದಿಲ್ಲ.

ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರಲ್ಲಿ ಸುಮಾರು 80 ಶೇಕಡಾ ಕೊರತೆ ಇದೆ ಎಂದು ಕೇಂದ್ರ ಸರ್ಕಾರದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳು ಹೇಳಿದವು. ಕೆಳಗೆ ತಜ್ಞರಿಲ್ಲದಿದ್ದರೆ ರೋಗಿ ಮೇಲಕ್ಕೆ ಬರುತ್ತಾರೆ. ಮಳವಳ್ಳಿ, ನಾಗಮಂಗಲದ ಕಡೆಯಿಂದ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ; ಅಲ್ಲಿಂದ, ಚಾಮರಾಜನಗರದಿಂದ, ಕೊಡಗಿನಿಂದ ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗೆ. ದೊಡ್ಡಾಸ್ಪತ್ರೆಯಲ್ಲಿ ‘ಬೆಡ್ ಇಲ್ಲ’ ಎಂದು ಬಾಗಿಲು ಹಾಕುವಂತಿಲ್ಲ. ಮಳೆಗಾಲದಲ್ಲಿ ಡೆಂಗಿ, ಹಾವು ಕಡಿತ. ವರ್ಷವಿಡೀ ಕೀಟನಾಶಕ ಕುಡಿದವರು, ರಸ್ತೆ ಅಪಘಾತದವರು. ಯಾವ ತಿಂಗಳನ್ನೂ ಬಿಡುವಿನ ತಿಂಗಳು ಎನ್ನುವಂತಿಲ್ಲ.

ರಾತ್ರಿ ಮೂರು ಗಂಟೆಗೆ ಹೆರಿಗೆ ವಾರ್ಡಿನಲ್ಲಿ

ದಣಿದ ವೈದ್ಯರಿಂದ ರೋಗಿಗೆ ಏನು ತೊಂದರೆ ಎಂಬುದನ್ನು ಹತ್ತಿರದಿಂದ ನೋಡಬೇಕಾದರೆ ಹೆರಿಗೆ ವಾರ್ಡಿಗಿಂತ ಬೇರೆ ಜಾಗ ಬೇಡ.

ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮ್ಯಾಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಕ್ರಮವೊಂದರ ಪ್ರಕಾರ ಮೊದಲು 4 ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ, ಜೊತೆಗೆ ಎರಡೂ ಪಿರ್ರೆಗೆ 5 ಗ್ರಾಂನಂತೆ 10 ಗ್ರಾಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ. ಪ್ರತಿ ಸಲ ಕೊಡುವ ಮೊದಲು ಮೂರು ಪರೀಕ್ಷೆ ಆಗಲೇಬೇಕು: ಮಂಡಿಗೆ ತಟ್ಟಿದರೆ ಕಾಲು ಚಿಮ್ಮಬೇಕು, ನಿಮಿಷಕ್ಕೆ ಕನಿಷ್ಠ 16 ಸಲ ಉಸಿರಾಡುತ್ತಿರಬೇಕು, ಗಂಟೆಗೆ ಕನಿಷ್ಠ 30 ಮಿಲಿಲೀಟರ್ ಮೂತ್ರ ಬರುತ್ತಿರಬೇಕು. ಮೂತ್ರ ಕಡಿಮೆಯಾದರೆ ಔಷಧ ದೇಹದಲ್ಲೇ ಉಳಿದು ಉಸಿರಾಟದ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಹಾಗಾದರೆ ಕೊಡಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟಕುವಂತೆ ಇಟ್ಟಿರಬೇಕು. ಇದರಲ್ಲಿ ಕಷ್ಟದ ವಿದ್ಯೆ ಏನೂ ಇಲ್ಲ. ನಾಲ್ಕು ಗಂಟೆಗೊಮ್ಮೆ ನೆನಪಾಗಬೇಕು, ನೋಡಬೇಕು, ಬರೆಯಬೇಕು, ಅಷ್ಟೆ. ನಿದ್ದೆಗೆಟ್ಟ ಮಿದುಳು ಮೊದಲು ಕೈಬಿಡುವುದೇ ಇಂಥ ಸರಳ, ಮರುಕಳಿಸುವ ಕೆಲಸಗಳನ್ನು. ಎದ್ದು ಕುಳಿತು ಸಿಜೇರಿಯನ್ ಮಾಡಲು ಮೈಯಲ್ಲಿ ಹುರುಪು ಬರುತ್ತದೆ; ಕೇಸ್ ಶೀಟಿನಲ್ಲಿ ಎರಡು ಗಂಟೆಯ ಮೂತ್ರದ ಅಳತೆ ಬರೆದಿಲ್ಲ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಉದಾಹರಣೆ ಆಪರೇಷನ್ ಕೊಠಡಿಯದು. ಸಿಜೇರಿಯನ್‌ಗೆ ಬೆನ್ನಿಗೆ ಕೊಡುವ ಅರಿವಳಿಕೆ ಔಷಧ ಬುಪಿವಕೇನ್. ಹೆರಿಗೆ ನಂತರದ ರಕ್ತಸ್ರಾವ ನಿಲ್ಲಿಸಲು ರಕ್ತನಾಳಕ್ಕೆ ಕೊಡುವುದು ಟ್ರಾನೆಕ್ಸಾಮಿಕ್ ಆಸಿಡ್. ಕೆಲವು ಕಂಪನಿಗಳ ಆಂಪೂಲ್‌ಗಳು (ಔಷಧದ ಪುಟ್ಟ ಗಾಜಿನ ಶೀಸೆಗಳು) ನೋಡಲು ಒಂದೇ ಥರ. ಬುಪಿವಕೇನ್ ಬದಲು ಟ್ರಾನೆಕ್ಸಾಮಿಕ್ ಆಸಿಡ್ ಬೆನ್ನಿಗೆ ಹೋದರೆ ವಿಪರೀತ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಇಂಥ ಪ್ರಕರಣಗಳು ನಡೆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಕೆ ಹೊರಡಿಸಿತು. ಎರಡನ್ನೂ ಬೇರೆ ಬೇರೆ ಕಡೆ ಇಡಬೇಕು, ಸಿರಿಂಜಿಗೆ ಎಳೆಯುವ ಮುನ್ನ ಲೇಬಲ್ಲನ್ನು ಗಟ್ಟಿಯಾಗಿ ಓದಬೇಕು, ಪಕ್ಕದವರು ನೋಡಿ ಹೌದೆನ್ನಬೇಕು. ಈ ಕ್ರಮ ಹಗಲು ಹತ್ತು ಗಂಟೆಗೆ ತಪ್ಪುವುದು ಅಪರೂಪ. ಬೆಳಗಿನ ಜಾವ ತಪ್ಪುತ್ತದೆ. ಅದನ್ನು ವೈದ್ಯರ ಅಜಾಗರೂಕತೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಅವರು ಎಷ್ಟು ಗಂಟೆಯಿಂದ ಎದ್ದಿದ್ದರು ಎಂದು ಕೇಳದ ತನಿಖೆ ಅರ್ಧ ತನಿಖೆ.

ನಿದ್ದೆಗೆಟ್ಟಾಗ ಮಿದುಳಿಗೆ ಆಗುವುದು

1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ಎಚ್ಚರವಿದ್ದ ಗಂಟೆಗಳನ್ನೂ ಕುಡಿತದ ಮತ್ತನ್ನೂ ಪಕ್ಕಪಕ್ಕ ಇಟ್ಟು ಅಳೆಯಿತು. 17 ಗಂಟೆ ಎಚ್ಚರವಿದ್ದವರ ಕೈಚಳಕ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರಷ್ಟಕ್ಕೆ ಇಳಿದಿತ್ತು. ಒಂದು ದಿನ ಪೂರ್ತಿ ಎಚ್ಚರವಿದ್ದಾಗ ಅದು ಸುಮಾರು 100 ಮಿಲಿಗ್ರಾಂಗೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆ 30 ಮಿಲಿಗ್ರಾಂ ದಾಟಿದವರಿಗೆ ಸ್ಟಿಯರಿಂಗ್ ಮುಟ್ಟಬೇಡಿ ಎನ್ನುತ್ತದೆ.

ದೇಹದ ಒಳಗಡಿಯಾರ ಬೆಳಗಿನ ನಾಲ್ಕರ ಆಸುಪಾಸು ಅತಿ ಕೆಳಮಟ್ಟದಲ್ಲಿರುತ್ತದೆ: ಮೈಬಿಸಿ ಇಳಿದಿರುತ್ತದೆ, ಗಮನ ಜಾರುತ್ತದೆ. ಅದರ ಮೇಲೆ ಹಿಂದಿನ ದಿನಗಳ ನಿದ್ದೆಯ ಸಾಲ ಸೇರಿದರೆ ಕಣ್ಣು ತೆರೆದೇ ಇದ್ದರೂ ಕೆಲವು ಕ್ಷಣ ಮಿದುಳು ಮಂಪರಿಗೆ ಹೋಗುತ್ತದೆ. ದಣಿದವರಿಗೆ ತಾವು ಎಷ್ಟು ದಣಿದಿದ್ದೇವೆ ಎಂದು ಗೊತ್ತಾಗುವುದಿಲ್ಲ ಎಂಬುದು ಇನ್ನೂ ಕಷ್ಟದ ಸಂಗತಿ. ‘ನನಗೆ ಅಭ್ಯಾಸವಾಗಿಬಿಟ್ಟಿದೆ’ ಎನ್ನುವ ಹಿರಿಯರ ಮಾತನ್ನು ಈ ಕಾರಣಕ್ಕೇ ನೆಚ್ಚಿಕೊಳ್ಳುವಂತಿಲ್ಲ.

2004ರಲ್ಲಿ ಅಮೆರಿಕದ ತೀವ್ರ ನಿಗಾ ಘಟಕಗಳಲ್ಲಿ ನಡೆದ ಅಧ್ಯಯನದಲ್ಲಿ 24 ಗಂಟೆ ಮೀರಿದ ಡ್ಯೂಟಿಯ ಹಳೆಯ ಪಟ್ಟಿಯಲ್ಲಿ ಕೆಲಸ ಮಾಡಿದ ಇಂಟರ್ನ್ ವೈದ್ಯರು, ಚಿಕ್ಕ ಡ್ಯೂಟಿಯ ಪಟ್ಟಿಯಲ್ಲಿ ಕೆಲಸ ಮಾಡಿದಾಗಿಗಿಂತ 36 ಶೇಕಡಾ ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ಬದಲಾದದ್ದು ಡ್ಯೂಟಿಯ ಪಟ್ಟಿ ಮಾತ್ರ.

ಗಂಟೆ ಕಡಿಮೆ ಇದ್ದವರಿಗೂ ಬರುವುದೇಕೆ

ವಾರಕ್ಕೆ ಐವತ್ತೇ ಗಂಟೆ ದುಡಿಯುವ ತಜ್ಞರೂ ಬರ್ನ್‌ಔಟ್‌ಗೆ ಸಿಗುತ್ತಾರೆ. ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಕೆಲಸದ ಹೊರೆಯ ಜೊತೆಗೆ ಇನ್ನೂ ಐದು ಸಂಗತಿ ಗುರುತಿಸಿದರು: ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಸಿಗುವ ಮನ್ನಣೆ, ಜೊತೆಗಾರರ ಒಡನಾಟ, ನ್ಯಾಯ, ಮೌಲ್ಯಗಳು.

ಇವು ಆಸ್ಪತ್ರೆಯಲ್ಲಿ ಹೇಗೆ ಕಾಣುತ್ತವೆ? ನಾಳೆ ಬೆಳಗ್ಗೆ ಎಷ್ಟು ರೋಗಿ ನೋಡಬೇಕು ಎಂಬುದು ತಜ್ಞರ ಕೈಯಲ್ಲಿ ಇರುವುದಿಲ್ಲ. ಓಪಿಡಿ ಮುಗಿಸಿ ಕೂತರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪೂರ್ವಾನುಮತಿಗೆ ರಿಪೋರ್ಟ್ ಸೇರಿಸಬೇಕು, ವಿಮೆಯವರ ಪ್ರಶ್ನೆಗೆ ಉತ್ತರ ಬರೆಯಬೇಕು. ಯೋಜನೆ ಬಡವರಿಗೆ ಬೇಕೇ ಬೇಕು. ಆದರೆ ಕಂಪ್ಯೂಟರ್ ಬಲ್ಲ ಸಿಬ್ಬಂದಿ ಮಾಡಬಹುದಾದ ಕೆಲಸಕ್ಕೆ ಹನ್ನೊಂದೂವರೆ ವರ್ಷ ಓದಿದವರನ್ನು ಕೂರಿಸುವುದು ಯಾರಿಗೂ ಲಾಭವಲ್ಲ. ಹಬ್ಬದ ಡ್ಯೂಟಿ ಪ್ರತಿ ವರ್ಷ ಅದೇ ಕಿರಿಯರ ಪಾಲಿಗೆ ಬಂದರೆ ಅದು ನ್ಯಾಯದ ಪ್ರಶ್ನೆ. ಯುಗಾದಿ, ದಸರಾ, ದೀಪಾವಳಿ ಮೂರರಲ್ಲಿ ಒಂದಾದರೂ ಮನೆಯಲ್ಲಿ ಸಿಗಬೇಕು ಎಂಬುದು ದೊಡ್ಡ ಬೇಡಿಕೆಯೇನಲ್ಲ.

ಮೌಲ್ಯದ ಪೆಟ್ಟು ಎಲ್ಲಕ್ಕಿಂತ ಆಳ. ರೋಗಿಗೆ ವೆಂಟಿಲೇಟರ್ ಬೇಕು ಎಂದು ಗೊತ್ತಿದ್ದೂ ಖಾಲಿ ಇಲ್ಲ ಎನ್ನಬೇಕಾಗುತ್ತದೆ. ಹತ್ತು ನಿಮಿಷ ಬೇಕಾದವರನ್ನು ಎರಡು ನಿಮಿಷದಲ್ಲಿ ಕಳಿಸಬೇಕಾಗುತ್ತದೆ. ಸರಿ ಯಾವುದೆಂದು ತಿಳಿದೂ ಮಾಡಲಾಗದೆ ದಿನಾ ಮನೆಗೆ ಹೋಗುವವರಿಗೆ ಆಗುವುದನ್ನು ಈಗ ‘ನೈತಿಕ ಗಾಯ’ ಎಂದು ಬೇರೆಯಾಗಿಯೇ ಗುರುತಿಸುತ್ತಾರೆ. ಇದಕ್ಕೆ ಪ್ರಾಣಾಯಾಮ ಶಿಬಿರ ಉತ್ತರವಲ್ಲ. ಬೇಕಿರುವುದು ಹಾಸಿಗೆ, ಜನ, ಸಮಯ.

ಜೊತೆಗೆ ಸಂಜೆಯ ಕ್ಲಿನಿಕ್. ಹಗಲು ಒಂದು ಕಡೆ ಡ್ಯೂಟಿ, ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗೆ ಸ್ವಂತ ಕ್ಲಿನಿಕ್, ಆಮೇಲೆ ಎರಡು ನರ್ಸಿಂಗ್ ಹೋಂ ರೌಂಡ್ಸ್: ಮೈಸೂರಿನಲ್ಲಿ ಇದು ಬಹಳ ತಜ್ಞರ ದಿನಚರಿ. ಸಾಲದ ಕಂತು, ತಡವಾಗಿ ಶುರುವಾದ ಸಂಪಾದನೆ, ರೋಗಿಗಳ ಒತ್ತಾಯ ಎಲ್ಲ ಕಾರಣವೂ ನಿಜವೇ. ಲೆಕ್ಕ ಹಾಕುವಾಗ ಮಾತ್ರ ಈ ಗಂಟೆಗಳನ್ನೂ ಸೇರಿಸಬೇಕು, ದೇಹ ಇದನ್ನು ಬೇರೆ ಖಾತೆಗೆ ಬರೆದುಕೊಳ್ಳುವುದಿಲ್ಲ.

ನಿಯಮ ಏನು ಹೇಳುತ್ತದೆ

ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ರೆಸಿಡೆಂಟ್ ವೈದ್ಯರಿಗೆ (ಆಸ್ಪತ್ರೆಯಲ್ಲಿ ದುಡಿಯುತ್ತಲೇ ತಜ್ಞತೆ ಕಲಿಯುವವರಿಗೆ) ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರಬಾರದು, ಸರದಿಯಂತೆ ವಾರಕ್ಕೊಂದು ರಜೆ ಎಂದು ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳು ‘ಸಮಂಜಸ’ ದುಡಿಮೆಯ ಗಂಟೆ, ವಿಶ್ರಾಂತಿ, ವಾರದ ರಜೆ, ವರ್ಷಕ್ಕೆ 20 ದಿನ ಸಂಬಳಸಹಿತ ಸಾಂದರ್ಭಿಕ ರಜೆ ಎಂದವು. ಗಂಟೆಯ ಅಂಕಿ ಕೊಡಲಿಲ್ಲ. 2024ರಲ್ಲಿ ಅದೇ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ದಿನಕ್ಕೆ 7ರಿಂದ 8 ಗಂಟೆ ನಿದ್ದೆ ಬೇಕು ಎಂದು ಶಿಫಾರಸು ಮಾಡಿತು. ಯುರೋಪಿನಲ್ಲಿ ವಾರಕ್ಕೆ ಸರಾಸರಿ 48 ಗಂಟೆ, ದಿನಕ್ಕೆ ಕನಿಷ್ಠ 11 ಗಂಟೆ ಬಿಡುವು ಕಾನೂನಿನಲ್ಲೇ ಇದೆ. ಅಮೆರಿಕದಲ್ಲಿ 2003ರಿಂದ ರೆಸಿಡೆಂಟ್‌ಗಳಿಗೆ 80 ಗಂಟೆಯ ಮಿತಿ.

ನಮ್ಮ ಈ ನಿಯಮಗಳೆಲ್ಲ ಕಲಿಯುವ ವೈದ್ಯರಿಗೆ. ಸ್ವಂತ ನರ್ಸಿಂಗ್ ಹೋಂ ನಡೆಸುವ ಸ್ತ್ರೀರೋಗ ತಜ್ಞರಿಗೆ ಇವು ಅನ್ವಯಿಸುವುದಿಲ್ಲ, ಅವರ ಮಿತಿಯನ್ನು ಅವರೇ ಹಾಕಿಕೊಳ್ಳಬೇಕು.

ಪಟ್ಟಿಯನ್ನು ಸರಿಮಾಡುವುದು ಹೇಗೆ

ವೈದ್ಯರ ಬರ್ನ್‌ಔಟ್ ತಗ್ಗಿಸುವ ಪ್ರಯತ್ನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2016ರ ‘ಲ್ಯಾನ್ಸೆಟ್’ ವರದಿಯಲ್ಲಿ ಒಟ್ಟಾರೆ ಪ್ರಮಾಣ 54 ಶೇಕಡಾದಿಂದ 44ಕ್ಕೆ ಇಳಿದಿತ್ತು. ಮರುವರ್ಷದ ಇನ್ನೊಂದು ವಿಶ್ಲೇಷಣೆ, ವ್ಯಕ್ತಿಗೆ ಧ್ಯಾನ ಹೇಳಿಕೊಡುವುದಕ್ಕಿಂತ ಸಂಸ್ಥೆ ತನ್ನ ಕೆಲಸದ ಕ್ರಮ ಬದಲಿಸಿದಾಗ ಫಲ ಹೆಚ್ಚು ಎಂದಿತು. ಆದ್ದರಿಂದ ಪಟ್ಟಿಯಿಂದಲೇ ಶುರು ಮಾಡಬೇಕು.

ಮೊದಲ ಕೆಲಸ ನಾಲ್ಕು ವಾರ ನಿಜವಾದ ಗಂಟೆ ಬರೆಯುವುದು. ಒಂದು ಕಾಲಂನಲ್ಲಿ ಪಟ್ಟಿ ಹೇಳಿದ ಗಂಟೆ, ಎರಡನೆಯದರಲ್ಲಿ ದುಡಿದ ಗಂಟೆ (ರಾತ್ರಿಯ ಫೋನ್, ಸಂಜೆ ಕ್ಲಿನಿಕ್ ಎಲ್ಲ ಸೇರಿ), ಮೂರನೆಯದರಲ್ಲಿ ಅಡ್ಡಿಯಿಲ್ಲದೆ ಸಿಕ್ಕ ಅತಿ ಉದ್ದದ ನಿದ್ದೆ. ಮೂರನೇ ಕಾಲಂ ಕಂಡಾಗಲೇ ಆಡಳಿತಕ್ಕೆ ಪರಿಸ್ಥಿತಿ ಅರ್ಥವಾಗುವುದು.

ಎರಡನೆಯದು, ರಾತ್ರಿ ಡ್ಯೂಟಿಯ ಮರುದಿನ ಬೆಳಗ್ಗೆ ಹ್ಯಾಂಡೋವರ್ (ರೋಗಿಗಳ ಹೊಣೆಯನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವುದು) ಮುಗಿಸಿ ಮನೆಗೆ. ಆ ದಿನ ಅವರ ಹೆಸರಿನಲ್ಲಿ ಓಪಿಡಿಯೂ ಇರಬಾರದು, ಮೊದಲೇ ಗೊತ್ತುಮಾಡಿದ ಆಪರೇಷನ್ ಪಟ್ಟಿಯೂ ಇರಬಾರದು. ‘ಆಫ್ ಕೊಟ್ಟಿದ್ದೇವೆ’ ಎಂದು ಬರೆದು ಅದೇ ದಿನ ಬೆಳಗ್ಗೆ ಒಂಬತ್ತಕ್ಕೆ ಹರ್ನಿಯಾ ಆಪರೇಷನ್ ಇಟ್ಟರೆ ಆ ಆಫ್ ಕಾಗದದಲ್ಲಷ್ಟೇ ಇರುತ್ತದೆ. ಎರಡು ಡ್ಯೂಟಿಯ ನಡುವೆ 11 ಗಂಟೆ. ಸತತ ರಾತ್ರಿಗಳು ಮೂರಕ್ಕಿಂತ ಹೆಚ್ಚು ಬೇಡ. ಪಾಳಿ ಬದಲಾಗುವುದು ಬೆಳಗ್ಗೆ, ಸಂಜೆ, ರಾತ್ರಿ ಎಂಬ ಕ್ರಮದಲ್ಲಿರಲಿ. ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಯಾರಿಗಾದರೂ ಜ್ವರ ಬಂದರೆ ಬದಲಿಗೆ ಬರುವವರ ಹೆಸರು ತಿಂಗಳ ಮೊದಲ ದಿನವೇ ಪಟ್ಟಿಯಲ್ಲಿರಬೇಕು. ಇಲ್ಲದಿದ್ದರೆ ರಾತ್ರಿ ಡ್ಯೂಟಿ ಮುಗಿಸಿದವರೇ ಹಗಲಿಗೂ ನಿಲ್ಲುತ್ತಾರೆ, ಹಾಗೇ 36 ಗಂಟೆಯಾಗುತ್ತದೆ. ಸ್ನೇಹಕ್ಕಾಗಿ ಡ್ಯೂಟಿ ಅದಲುಬದಲು ಮಾಡಿಕೊಳ್ಳುವಾಗಲೂ ಒಬ್ಬರ ಪಾಲಿಗೆ ಎರಡು ಡ್ಯೂಟಿ ಬೆನ್ನುಬೆನ್ನಿಗೆ ಬರದಂತೆ ನೋಡಬೇಕು.

ಗಂಟೆ ಕಡಿಮೆ ಮಾಡಿದರೆ ಹ್ಯಾಂಡೋವರ್ ಹೆಚ್ಚುತ್ತದೆ, ಪ್ರತಿ ಹ್ಯಾಂಡೋವರ್‌ನಲ್ಲೂ ಮಾಹಿತಿ ಸೋರುತ್ತದೆ. ಉದ್ದ ಡ್ಯೂಟಿಯ ಪರವಾಗಿ ಹಿರಿಯರು ಹೇಳುವ ಈ ಮಾತಿನಲ್ಲಿ ಹುರುಳಿದೆ. ಪರಿಹಾರವೂ ಇದೆ. ಪ್ರತಿ ರೋಗಿಯ ಹಸ್ತಾಂತರದಲ್ಲೂ ಐದು ಹೆಜ್ಜೆ ಇರಬೇಕು: ಎಷ್ಟು ಗಂಭೀರ; ಕಾಯಿಲೆ ಏನು, ಇಲ್ಲಿಯವರೆಗೆ ಏನಾಗಿದೆ; ಬಾಕಿ ಉಳಿದ ಕೆಲಸ ಯಾವುದು, ಯಾವಾಗ, ಯಾರು ಮಾಡಬೇಕು; ಏನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು; ಕೊನೆಗೆ ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಐ-ಪಾಸ್ ಎಂಬ ಈ ಕ್ರಮವನ್ನು ಅಳವಡಿಸಿದ ಮಕ್ಕಳ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳು 23 ಶೇಕಡಾ ಇಳಿದವು ಎಂದು 2014ರಲ್ಲಿ ವರದಿಯಾಯಿತು. ಜನ ಬಿಟ್ಟುಬಿಡುವುದು ಐದನೇ ಹೆಜ್ಜೆಯನ್ನು. ‘ಸರಿ ಸರ್, ಗೊತ್ತಾಯ್ತು’ ಎಂದರೆ ತಿರುಗಿ ಹೇಳಿದಂತೆ ಆಗುವುದಿಲ್ಲ.

ಇನ್ನೊಂದು ಉಪಾಯಕ್ಕೆ ಹಣ ಖರ್ಚಿಲ್ಲ. ತಮಗೆ ಅತ್ಯಂತ ಅರ್ಥಪೂರ್ಣವೆನಿಸುವ ಕೆಲಸಕ್ಕೆ ಸಮಯದ 20 ಶೇಕಡಾ ಕೊಡಲು ಸಾಧ್ಯವಾದ ವೈದ್ಯರಲ್ಲಿ ಬರ್ನ್‌ಔಟ್ ಹೆಚ್ಚುಕಡಿಮೆ ಅರ್ಧದಷ್ಟಿತ್ತು ಎಂದು 2009ರ ಅಧ್ಯಯನವೊಂದು ಕಂಡಿತು. ಐದು ದಿನದಲ್ಲಿ ಒಂದು ದಿನ. ಕೆಲವರಿಗೆ ಅದು ಪಾಠ ಹೇಳುವುದು, ಕೆಲವರಿಗೆ ಕಷ್ಟದ ಆಪರೇಷನ್, ಕೆಲವರಿಗೆ ಹಳ್ಳಿಯ ಶಿಬಿರ. ವಿಭಾಗದ ಮುಖ್ಯಸ್ಥರು ಒಮ್ಮೆ ಕೇಳಿದರೆ ತಿಳಿಯುತ್ತದೆ.

ರಾತ್ರಿ ಡ್ಯೂಟಿ ಇರುವವರು, ಅವರ ಮನೆಯವರು

ರಾತ್ರಿ ಡ್ಯೂಟಿಗೆ ಮುನ್ನ ಮಧ್ಯಾಹ್ನ ಸುಮಾರು ಒಂದೂವರೆ ಗಂಟೆ ಮಲಗಬೇಕು, ಅಷ್ಟರಲ್ಲಿ ನಿದ್ದೆಯ ಒಂದು ಸುತ್ತು ಮುಗಿಯುತ್ತದೆ. ಡ್ಯೂಟಿಯ ನಡುವೆ ಬಿಡುವು ಸಿಕ್ಕರೆ 20 ನಿಮಿಷ. ಅದಕ್ಕಿಂತ ಉದ್ದವಾದರೆ ಗಾಢ ನಿದ್ದೆಯಿಂದ ಎದ್ದು ಕಾಲು ಗಂಟೆ, ಅರ್ಧ ಗಂಟೆ ಮಂಕು ಕವಿದಿರುತ್ತದೆ. ಹಾಗೆ ಎದ್ದ ಕೂಡಲೇ ಫೋನಿನಲ್ಲಿ ಔಷಧದ ಪ್ರಮಾಣ ಹೇಳಬೇಕಾಗಿ ಬಂದರೆ ಸಿಸ್ಟರ್ ಅದನ್ನು ತಿರುಗಿ ಓದಿ ಹೇಳಲಿ. ಕಾಫಿಯ ಪರಿಣಾಮ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಬೆಳಗ್ಗೆ ಒಂಬತ್ತಕ್ಕೆ ಮಲಗುವವರು ಮೂರರ ಮೇಲೆ ಫಿಲ್ಟರ್ ಕಾಫಿ ಮುಟ್ಟದಿರುವುದು ಒಳ್ಳೆಯದು.

ಮೈಸೂರಿನಲ್ಲಿ ಮನೆ, ಮಂಡ್ಯದಲ್ಲಿ ಡ್ಯೂಟಿ ಇರುವವರು ಬಹಳ. ದಾರಿ 45 ಕಿಲೋಮೀಟರ್ ಆಸುಪಾಸು. ರಾತ್ರಿಯೆಲ್ಲ ಎದ್ದು ಬೆಳಗ್ಗೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ತಾವೇ ಕಾರು ಓಡಿಸುವುದು ಇಡೀ ಡ್ಯೂಟಿಯಲ್ಲಿ ಅತ್ಯಂತ ಅಪಾಯದ ಮುಕ್ಕಾಲು ಗಂಟೆ. ನೇರ ರಸ್ತೆ, ಒಂದೇ ವೇಗ, ಕಣ್ಣಿಗೆ ಬಿಸಿಲು. ರೈಲೋ ಬಸ್ಸೋ ಹಿಡಿಯಬೇಕು, ಇಲ್ಲವೇ ಹೊರಡುವ ಮುನ್ನ ಆಸ್ಪತ್ರೆಯಲ್ಲೇ ಅರ್ಧ ಗಂಟೆ ಮಲಗಿ, ಮಂಕು ಇಳಿದ ಮೇಲೆ ಹೊರಡಬೇಕು. ಮನೆಯಲ್ಲಿ ಕಿಟಕಿಗೆ ದಪ್ಪ ಪರದೆ, ಫೋನ್ ಇನ್ನೊಬ್ಬರ ಕೈಗೆ. ‘ಹಗಲಲ್ಲೇನು ನಿದ್ದೆ’ ಎಂದು ಅಮ್ಮನೋ ಅತ್ತೆಯೋ ಎಬ್ಬಿಸುವ ಮನೆಗಳಲ್ಲಿ ವೈದ್ಯೆಯರಿಗೆ ಡ್ಯೂಟಿ ಎರಡಾಗುತ್ತದೆ. ಅಡುಗೆ, ಮಕ್ಕಳ ಶಾಲೆಯ ಕೆಲಸ ಆ ದಿನ ಯಾರದು ಎಂಬುದೂ ಮೊದಲೇ ಗೊತ್ತಾಗಿರಬೇಕು.

ರೋಗಿಗಳ ಮೇಲೆ ವಿನಾಕಾರಣ ಸಿಟ್ಟು, ಬರೆದಿದ್ದನ್ನು ಮತ್ತೆ ಮತ್ತೆ ಪರೀಕ್ಷಿಸುವುದು, ನಿದ್ದೆಗೆ ಮಾತ್ರೆ ಅಥವಾ ಮದ್ಯ, ಡ್ಯೂಟಿಗೆ ಹೊರಡುವಾಗ ಎದೆ ಬಡಿತ ಇವು ಎರಡು ವಾರ ಮೀರಿ ಉಳಿದರೆ ತಮ್ಮ ಆಸ್ಪತ್ರೆಯ ಹೊರಗಿನ ಮನೋವೈದ್ಯರನ್ನು ಕಾಣಬೇಕು. ಊರೆಲ್ಲ ಗೊತ್ತಾಗುತ್ತದೆ ಎಂಬ ಅಳುಕು ವೈದ್ಯರಿಗೆ ಉಳಿದವರಿಗಿಂತ ಹೆಚ್ಚು. ಅಂಥವರಿಗೆ 14416 ಟೆಲಿ-ಮಾನಸ್ ಸಹಾಯವಾಣಿ ಇದೆ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತನಾಡಬಹುದು. ಸಾವಿನ ಯೋಚನೆ ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಅದೇ ದಿನ ಕರೆ ಮಾಡಬೇಕು.

ರೋಗಿಯ ಕಡೆಯವರು ಮಾಡಬಹುದಾದದ್ದು

ಎರಡು ನಿಮಿಷವಷ್ಟೇ ಸಿಗುವ ಓಪಿಡಿಯಲ್ಲಿ ಆ ಎರಡು ನಿಮಿಷವನ್ನು ಉಳಿಸಿಕೊಳ್ಳುವ ದಾರಿಗಳಿವೆ. ಹಳೆಯ ಇಸಿಜಿ, ಡಿಸ್ಚಾರ್ಜ್ ಸಾರಾಂಶ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿರಲಿ. ‘ಬಿಳಿ ಮಾತ್ರೆ, ಊಟಕ್ಕೆ ಮುಂಚೆ’ ಎನ್ನುವ ಬದಲು ಮಾತ್ರೆಯ ಹಾಳೆಯನ್ನೇ ತನ್ನಿ. ಕೇಳಬೇಕಾದ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಳರೋಗಿಯ ಬಗ್ಗೆ ಮನೆಯ ಒಬ್ಬರೇ ವೈದ್ಯರೊಂದಿಗೆ ಮಾತನಾಡಿ ಉಳಿದವರಿಗೆ ತಿಳಿಸಲಿ. ಐದು ಜನ ಐದು ಸಲ ಕೇಳಿದರೆ ಪಕ್ಕದ ಬೆಡ್ಡಿನವರ ಸಮಯ ಹೋಗುತ್ತದೆ. ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ರಿಪೋರ್ಟ್ ಕಳಿಸಿ ಉತ್ತರಕ್ಕೆ ಕಾಯುವುದು ಬೇಡ. ಸಾವುನೋವಾದಾಗ ವೈದ್ಯರ ಮೇಲೆ ಕೈ ಎತ್ತುವುದನ್ನು ಶಿಕ್ಷಾರ್ಹ ಮಾಡುವ ಕಾಯ್ದೆ ಕರ್ನಾಟಕದಲ್ಲಿ 2009ರಿಂದಲೇ ಇದೆ. ಚಿಕಿತ್ಸೆಯ ಬಗ್ಗೆ ಅನುಮಾನವಿದ್ದರೆ ಕೇಸ್ ಶೀಟಿನ ಪ್ರತಿ ಲಿಖಿತವಾಗಿ ಕೇಳುವುದು ನಿಮ್ಮ ಹಕ್ಕು.

ಯಾವುದಕ್ಕೆ ರಾತ್ರಿ ಹೋಗಬೇಕು, ಯಾವುದಕ್ಕೆ ಬೆಳಗಿನವರೆಗೆ ಕಾಯಬಹುದು ಎಂಬುದನ್ನೂ ತಿಳಿದಿರಬೇಕು. ಎದೆ ಹಿಂಡಿದಂತಾಗಿ ಬೆವರುವುದು, ಮುಖ ಒಂದು ಕಡೆಗೆ ವಾಲುವುದು, ಮಾತು ತೊದಲುವುದು, ಗರ್ಭಿಣಿಗೆ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಹಾವು ಕಡಿತ ಇವಕ್ಕೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಆರು ತಿಂಗಳಿಂದ ಇರುವ ಮಂಡಿನೋವಿಗೆ, ಮುಗಿದುಹೋದ ಬಿಪಿ ಮಾತ್ರೆಯ ಚೀಟಿಗೆ ಹಗಲಿನ ಓಪಿಡಿ ಇದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆ ಕೆಲಸ ಆಗುವುದಾದರೆ ಮೈಸೂರಿನ ಬಸ್ಸು ಹತ್ತುವ ಅಗತ್ಯವಿಲ್ಲ.